ಮೆರುಗಿನ ಲೆಕ್ಕ, ಖಾನಾಪುರದ ಮಣ್ಣು

ಸ್ವತಂತ್ರ ಭಾರತದ ಮೊದಲ ತಲೆಮಾರಿನ ಸ್ಟುಡಿಯೋ ಕುಂಬಾರರಲ್ಲಿ ನಿರ್ಮಲಾ ಪಟವರ್ಧನ ಅವರದು ಮುಖ್ಯ ಹೆಸರು. 1928ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಅವರು ಶಾಂತಿನಿಕೇತನದಲ್ಲಿ ಕಲೆ ಕಲಿತರು. ಆಮೇಲೆ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಕುಂಬಾರಿಕೆಯ ತರಬೇತಿ ಪಡೆದು, ಇಂಗ್ಲೆಂಡಿನಲ್ಲಿ ಅಲ್ಲಿನ ಹೆಸರಾಂತ ಸ್ಟುಡಿಯೋ ಕುಂಬಾರ ಬರ್ನಾರ್ಡ್ ಲೀಚ್ ಅವರ ಬಳಗದವರ ಜೊತೆ ದುಡಿದರು. ಅವರ ದಶಕಗಳ ದುಡಿಮೆಯಲ್ಲಿ ಹೆಚ್ಚು ಉಳಿದುಕೊಂಡದ್ದು ಮಡಿಕೆಯ ಮೈಮೇಲಿನ ಗಾಜಿನ ಪದರ, ಅಂದರೆ ಮೆರುಗು ಅಥವಾ ಗ್ಲೇಜ್ ಕುರಿತ ಶೋಧನೆ. ಅದರ ಫಲವಾಗಿ 1984ರಲ್ಲಿ ‘ಹ್ಯಾಂಡ್‌ಬುಕ್ ಫಾರ್ ಪಾಟರ್ಸ್’ ಬಂತು. 2005ರಲ್ಲಿ ಅದು ಹೊಸ ರೂಪದಲ್ಲಿ ಮತ್ತೆ ಹೊರಬಂತು.

ಮೆರುಗಿನ ಕೆಲಸ ಹೊರಗಿನಿಂದ ಬಣ್ಣದ ಆಟದಂತೆ ಕಂಡರೂ ಒಳಗೆಲ್ಲ ತೂಕ ಮತ್ತು ಬೆಂಕಿಯ ಲೆಕ್ಕವೇ. ಗಾಜಾಗಲು ಸಿಲಿಕಾ ಬೇಕು. ಅದು ಕರಗಿ ಹರಿದುಹೋಗದಂತೆ ಹಿಡಿದಿಡಲು ಅಲ್ಯೂಮಿನಾ, ಕುಲುಮೆಯ ಶಾಖಕ್ಕೆ ಸಿಲಿಕಾ ಬಗ್ಗುವಂತೆ ಮಾಡಲು ಸುಣ್ಣ, ಸೋಡಾ, ಪೊಟ್ಯಾಷ್‌ನಂಥ ದ್ರಾವಕಗಳೂ ಬೇಕು. ನೂರಕ್ಕೆ ಒಂದು ಪಾಲು ಕಬ್ಬಿಣದ ಆಕ್ಸೈಡ್ ಬೆರೆಸಿ ಆಮ್ಲಜನಕ ಕಡಿಮೆಯಿರುವ ಬೆಂಕಿಯಲ್ಲಿ ಸುಟ್ಟರೆ ತಿಳಿಹಸಿರು ಬರುತ್ತದೆ. ಅದೇ ಕಬ್ಬಿಣವನ್ನು ಹತ್ತರ ಸುಮಾರಿಗೆ ಏರಿಸಿದರೆ ಕಪ್ಪು ಕಂದು. ಬೆಂಕಿಯಿಂದ ಆರುವಾಗ ಮೆರುಗು ಮಡಿಕೆಗಿಂತ ಹೆಚ್ಚು ಕುಗ್ಗಿದರೆ ಮೈಯೆಲ್ಲ ಕೂದಲೆಳೆಯ ಬಿರುಕು. ಆದ್ದರಿಂದ ಸಂಶೋಧಕರು ಮೂರು ಸಾಮಗ್ರಿಗಳನ್ನು ತ್ರಿಕೋನದ ಮೂಲೆಗಳಲ್ಲಿಟ್ಟು, ಹಂತಹಂತವಾಗಿ ಬೆರೆಸಿ, ಪ್ರತಿ ಮಿಶ್ರಣವನ್ನೂ ಪುಟ್ಟ ಬಿಲ್ಲೆಯ ಮೇಲೆ ಸುಟ್ಟು ನೋಡುತ್ತಾರೆ. ಶೇ 20ರ ಹಂತವಾದರೆ 21 ಬಿಲ್ಲೆ, ಶೇ 10ರ ಹಂತವಾದರೆ 66. ಇಷ್ಟೆಲ್ಲ ಮಾಡಿದರೂ ಬಳಸಬಹುದಾದ ಮೆರುಗು ಒಂದೆರಡು ಸಿಕ್ಕರೆ ಹೆಚ್ಚು.

ಈ ಸಹನೆಯ ಫಲವನ್ನು ಬರೆದಿಟ್ಟು ಎಲ್ಲರ ಮುಂದೆ ಇರಿಸಿದ್ದು ಪಟವರ್ಧನ ಅವರ ದೊಡ್ಡ ಕೊಡುಗೆ. ಮೆರುಗಿನ ಗುಟ್ಟನ್ನು ಮನೆಯ ಆಸ್ತಿಯಂತೆ ಮುಚ್ಚಿಡುವುದು ಹಲವು ಕಡೆ ಇದ್ದ ರೂಢಿ. ಲೀಚ್ ಅವರ 1940ರ ಕೈಪಿಡಿ ಆ ರೂಢಿಯನ್ನು ಮುರಿದಿತ್ತು ನಿಜ. ಆದರೆ ಇಂಗ್ಲೆಂಡಿನ ಜೇಡಿಗೆ ಹೊಂದಿಸಿದ ಪಾಕ ಭಾರತದ ಫೆಲ್ಡ್‌ಸ್ಪಾರಿಗೆ, ಅಂದರೆ ಮೆರುಗಿಗೆ ಬಳಸುವ ಖನಿಜಕ್ಕೆ, ಹಾಗೆಯೇ ಒಗ್ಗುವುದಿಲ್ಲ.

ಆಕ್ಷೇಪವೂ ಇಲ್ಲಿಂದಲೇ ಹುಟ್ಟುತ್ತದೆ. ಲೀಚ್ ಪರಂಪರೆಯ ಮೆರುಗುಗಳು 1250ರಿಂದ 1300 ಡಿಗ್ರಿ ಸೆಲ್ಸಿಯಸ್ ಶಾಖ ಬೇಡುವ ಸ್ಟೋನ್‌ವೇರ್ ಪಾತ್ರೆಗಳಿಗೆ ಹೊಂದುವಂಥವು. ಊರ ಕುಂಬಾರರ ಆವಿಗೆ ಅಷ್ಟು ಕಾಯುವುದೇ ಇಲ್ಲ; ಸಾವಿರ ಡಿಗ್ರಿ ದಾಟುವುದೂ ಅಪರೂಪ. ಪಟವರ್ಧನ ಅವರ ಪುಸ್ತಕ ಇಂಗ್ಲಿಷಿನಲ್ಲಿದೆ ಎಂಬುದು ಇನ್ನೊಂದು ತೊಡಕು. ಹೀಗಾಗಿ ಆ ಜ್ಞಾನ ಕುಂಬಾರಿಕೆಯನ್ನು ತಾವಾಗಿ ಆರಿಸಿಕೊಂಡ ಓದಿದವರಿಗೆ ತಲುಪಿತು, ಕುಲಕಸುಬಿನವರ ಓಣಿಗೆ ಬರಲಿಲ್ಲ.

ಈ ಆಕ್ಷೇಪವನ್ನು ಒಂದು ಊರಿನ ಮಣ್ಣಿಗೆ ಹಚ್ಚಿ ನೋಡೋಣ. ಬೆಳಗಾವಿಯಿಂದ ಖಾನಾಪುರ 30 ಕಿಲೋಮೀಟರಿನೊಳಗೇ ಇದೆ. ಸಹ್ಯಾದ್ರಿಯ ಮಳೆಗೆ ಶಿಥಿಲಗೊಂಡ ಕಲ್ಲು, ಮಲಪ್ರಭೆಯ ಬಯಲು, ಕಬ್ಬಿಣದಂಶ ತುಂಬಿದ ಮಣ್ಣು ಸೇರಿ ಈ ತಾಲ್ಲೂಕನ್ನು ಮಡಿಕೆ, ಹಂಚು, ಇಟ್ಟಿಗೆಗಳಿಗೆ ಹೆಸರುವಾಸಿ ಮಾಡಿವೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇಲ್ಲಿಯೇ ಇದೆ. ಸ್ಟೋನ್‌ವೇರಿನ ಪಾಕಗಳನ್ನು ಇಲ್ಲಿಯ ಗಡಿಗೆಯ ಮೇಲೆ ಬಳಿದರೆ ಏನಾದೀತು? ಗಡಿಗೆಗೆ ಹೊಂದುವ ಶಾಖದಲ್ಲಿ ಮೆರುಗು ಕರಗದು. ಮೆರುಗು ಕರಗುವಷ್ಟು ಉರಿ ಕೊಟ್ಟರೆ ಗಡಿಗೆಯೇ ಉಬ್ಬಿ ಕುಸಿದೀತು. ಕಡಿಮೆ ಶಾಖಕ್ಕೆ ಕರಗಲಿ ಎಂದು ಸೀಸ ಬೆರೆಸುವುದು ಹಳೆಯ ಉಪಾಯ. ಹುಳಿ, ಉಪ್ಪಿನಕಾಯಿ ತಾಗಿದರೆ ಸೀಸ ಆಹಾರಕ್ಕೆ ಇಳಿಯುವುದರಿಂದ ಅಡುಗೆಯ ಪಾತ್ರೆಗೆ ಅದು ಸಲ್ಲದು. ನೀರಿನ ಹರವಿಗಂತೂ ಮೆರುಗೇ ಬೇಡ. ಸೂಕ್ಷ್ಮ ರಂಧ್ರಗಳಿಂದ ನೀರು ಜಿನುಗಿ ಆರುವುದರಿಂದಲೇ ಒಳಗಿನ ನೀರು ತಂಪಾಗುತ್ತದೆ. ಅದಕ್ಕೆ ಜಾಜು ಬಳಿದು ಕಲ್ಲಿನಿಂದ ತಿಕ್ಕಿ ಹೊಳಪು ತರುವುದನ್ನು ಹಿಂದುಳಿದ ತಂತ್ರವೆಂದು ಕಡೆಗಣಿಸಲಾಗದು.

ಹಾಗಾದರೆ ಪಟವರ್ಧನ ಅವರ ಪುಸ್ತಕ ಇಲ್ಲಿಗೆ ನಿರುಪಯುಕ್ತವೆ? ಸ್ಟೋನ್‌ವೇರ್ ಪಾಕಗಳ ಮಟ್ಟಿಗೆ ಬಹುಪಾಲು ಹೌದು. ವಿಧಾನದ ಮಟ್ಟಿಗೆ ಖಂಡಿತ ಅಲ್ಲ. ಕಬ್ಬಿಣ ಹೆಚ್ಚಿರುವ ಕೆಂಪು ಮಣ್ಣು 1250ರ ಆಚೆ ಆಕಾರ ಕಳೆದುಕೊಂಡು ಕರಗುತ್ತದೆ. ಮಡಿಕೆಗೆ ಅದು ಸಾವು. ಆದರೆ ಅದೇ ಮಣ್ಣನ್ನು ನೀರಲ್ಲಿ ಕಲಸಿ ಸ್ಟೋನ್‌ವೇರ್ ಪಾತ್ರೆಯ ಮೇಲೆ ತೆಳುವಾಗಿ ಬಳಿದರೆ ಕಂದು ಮೆರುಗಾಗಬಲ್ಲದು. ಭತ್ತದ ಹೊಟ್ಟಿನ ಬೂದಿಯಲ್ಲಿ ಶೇ 90ರ ಸುಮಾರು ಸಿಲಿಕಾ. ಕಟ್ಟಿಗೆಯ ಬೂದಿಯಲ್ಲಿ ಸುಣ್ಣದಂಶ ಧಾರಾಳ. ಒಂದು ಗಾಜಿಗೆ, ಇನ್ನೊಂದು ಅದನ್ನು ಕರಗಿಸಲಿಕ್ಕೆ. ಭತ್ತ ಬೆಳೆಯುವ ಖಾನಾಪುರದಲ್ಲಿ ಎರಡಕ್ಕೂ ಬರವಿಲ್ಲ. ಕೆಂಪು ಮಣ್ಣು, ಹೊಟ್ಟಿನ ಬೂದಿ, ಕಟ್ಟಿಗೆಯ ಬೂದಿ: ತ್ರಿಕೋನದ ಮೂರು ಮೂಲೆಗಳಿಗೆ ಇವನ್ನೇ ಇಡಬಹುದು.

ಸರ್ಕಾರಿ ಯೋಜನೆಗಳ ಲಕ್ಷ್ಯ ಮಾತ್ರ ಬೇರೆಡೆ ಹೆಚ್ಚು. 2018ರಲ್ಲಿ ಆರಂಭವಾದ ಕುಂಬಾರ ಸಶಕ್ತೀಕರಣ ಯೋಜನೆಯಲ್ಲಿ ಎದ್ದುಕಂಡದ್ದು ವಿದ್ಯುತ್ ತಿಗರಿ. ಅದರಿಂದ ರಟ್ಟೆಯ ದಣಿವು ತಗ್ಗುತ್ತದೆ, ದಿನಕ್ಕೆ ಹೆಚ್ಚು ಗಡಿಗೆ ಏಳುತ್ತವೆ, ಸಣ್ಣ ಲಾಭವೇನಲ್ಲ. ಆದರೆ ತಿಗರಿ ಎಷ್ಟು ಜೋರಾಗಿ ತಿರುಗಿದರೂ ಯಾವ ಕೆರೆಯ ಮಣ್ಣು ಎಷ್ಟು ಶಾಖಕ್ಕೆ ಏನಾಗುತ್ತದೆ ಎಂಬುದನ್ನು ಹೇಳಲಾರದು. ಅದಕ್ಕೆ ಬೇಕಿರುವುದು ಒಂದು ತಕ್ಕಡಿ, ಶಾಖ ಅಳೆಯುವ ಸಾಧನ, ಸ್ಟೋನ್‌ವೇರ್ ಮಣ್ಣಿನ ಬಿಲ್ಲೆಗಳು, 1250 ಡಿಗ್ರಿ ಮುಟ್ಟುವ ಸಣ್ಣ ಕುಲುಮೆ, ಮತ್ತು ಸುಟ್ಟ ಪ್ರತಿ ಬಿಲ್ಲೆಯ ತೂಕ, ಶಾಖ, ಬಣ್ಣಗಳನ್ನು ಕನ್ನಡದಲ್ಲಿ ಗುರುತು ಹಾಕಿಡುವ ಒಂದು ವಹಿ.