ತಂತಿಯ ಕ್ರಿಯಾಪದ ಮತ್ತು ಕೊಡಗಿನ ದುಡಿ

ವೀಣೆಯನ್ನು ‘ನುಡಿಸುತ್ತಾರೆ’, ದುಡಿಯನ್ನು ‘ಬಾರಿಸುತ್ತಾರೆ’, ಪರೆಯನ್ನು ‘ಬಡಿಯುತ್ತಾರೆ’. ಕೊಡಗಿನ ಜನಪದ ವಾದ್ಯಗಳನ್ನು ಕುರಿತ ಕನ್ನಡ ಬರವಣಿಗೆಯಲ್ಲಿ ಈ ಮೂರು ಕ್ರಿಯಾಪದಗಳು ಯಾವ ವಿವೇಚನೆಯೂ ಇಲ್ಲದೆ ಬಳಕೆಯಾಗುವುದುಂಟು. ಈ ಹಂಚಿಕೆಗೆ ವಾದ್ಯದ ರಚನೆ ಎಷ್ಟು ಕಾರಣ, ವಾದಕರ ಸಾಮಾಜಿಕ ಸ್ಥಾನ ಎಷ್ಟು ಕಾರಣ ಎಂಬುದು ಪರಿಶೀಲನಾರ್ಹ.

‘ನುಡಿಸು’ ಮೂಲತಃ ತಂತಿವಾದ್ಯದ ಪದವಲ್ಲ. ಅದು ‘ನುಡಿ’ ಧಾತುವಿನ ಪ್ರೇರಣಾರ್ಥಕ ರೂಪ. ಮಾತನಾಡುವಂತೆ ಮಾಡು ಎಂಬುದೇ ಅದರ ಅರ್ಥ. ಕೊಳಲಿಗೂ ಅದು ಸಲ್ಲುತ್ತದೆ. ತಂತಿಯ ಮೇಲೆ ಬೆರಳಾಡುವ ಕ್ರಿಯೆಯನ್ನೇ ಹೇಳುವ ಪದಗಳು ‘ಮೀಟು’ ಮತ್ತು ‘ಮಿಡಿ’. ಮೈಸೂರು, ಚಾಮರಾಜನಗರ ಸೀಮೆಯ ನೀಲಗಾರರ ತಂಬೂರಿಗೆ ‘ಮೀಟು’ ಸಹಜವಾಗಿ ಒಪ್ಪುತ್ತದೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಾದರೋ ಸಿತಾರನ್ನೂ ಪೇಟಿಯನ್ನೂ ‘ಬಾರಿಸು’ವುದೇ ರೂಢಿ, ಅಲ್ಲಿ ಆ ಪದಕ್ಕೆ ಕೀಳುತನದ ಸೋಂಕಿಲ್ಲ. ಆದುದರಿಂದ ‘ನುಡಿಸು’ ಶ್ರೇಷ್ಠ, ‘ಬಾರಿಸು’ ಒರಟು ಎಂಬ ಭಾವನೆ ಭಾಷೆಯ ಸ್ವಭಾವವಲ್ಲ, ಶಿಷ್ಟ ಬರವಣಿಗೆಯ ಅಭ್ಯಾಸ.

ಕೊಡವರ ಹಬ್ಬ, ಮದುವೆ, ಸಾವುಗಳ ವಾದ್ಯಗಳಲ್ಲಿ ದುಡಿ, ಕೊಂಬು, ಪರೆ, ವಾಲಗ, ತಾಳಗಳೇ ಪ್ರಧಾನ. ತಂತಿಗೆ ಅಲ್ಲಿ ಹೇಳಿಕೊಳ್ಳುವಂಥ ಸ್ಥಾನವಿಲ್ಲ. ಕೊಡವ ಭಾಷೆ ಬಳಸುವ ಪದ ‘ಕೊಟ್ಟ್’. ತಮಿಳು, ಮಲಯಾಳಗಳಲ್ಲಿಯೂ ‘ಕೊಟ್ಟು’ ಎಂದರೆ ಚರ್ಮವಾದ್ಯವನ್ನು ಬಾರಿಸು ಎಂದರ್ಥ. ಬತ್ತ ಕುಟ್ಟುವ ಕೆಲಸಕ್ಕಿರುವ ಕನ್ನಡದ ‘ಕೊಟ್ಟಣ’ ಇದೇ ಬಳಗದ್ದು. ‘ಕೊಂಬು ಕೊಟ್ಟ್’ ಎಂಬಲ್ಲಿ ಕ್ರಿಯೆಯೇ ನಾಮಪದವಾಗಿ ನಿಂತಿದೆ. ‘ದುಡಿಕೊಟ್ಟ್ ಪಾಟ್’ ಎಂಬ ಸಮಾಸದಲ್ಲಂತೂ ಬಾರಿಸುವಿಕೆ ಹಾಡಿನ ಹೆಸರಿನೊಳಗೇ ಸೇರಿಹೋಗಿದೆ. ಇದನ್ನು ‘ದುಡಿ ನುಡಿಸುತ್ತಾ ಹಾಡುವ ಪದ್ಯ’ ಎಂದು ಅನುವಾದಿಸಿದರೆ ಹಾಡು ಮುಖ್ಯವಾಗಿ, ದುಡಿ ಪಕ್ಕವಾದ್ಯವಾಗಿಬಿಡುತ್ತದೆ. ನಾಲ್ವರು ಹಾಡುಗಾರರು ಇಬ್ಬಿಬ್ಬರಾಗಿ ಸಾಲನ್ನು ಎತ್ತಿಕೊಳ್ಳುವಾಗ ದುಡಿಯ ಪೆಟ್ಟೇ ಸಾಲಿನ ಅಳತೆ. ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ (1924) ಇಂತಹ ಹಾಡುಗಳ ಪಠ್ಯವನ್ನು ಕನ್ನಡ ಲಿಪಿಯಲ್ಲಿ ಉಳಿಸಿಕೊಟ್ಟ ಮಹದುಪಕಾರದ ಕೃತಿ. ಆದರೆ ಮುದ್ರಿತ ಪುಟದಲ್ಲಿ ಪೆಟ್ಟು ಕೇಳಿಸದು. ಅದನ್ನಷ್ಟೇ ನೆಚ್ಚಿ ದುಡಿಯನ್ನು ಅಳೆಯುವ ವಿಮರ್ಶೆ ಅರ್ಧ ಕುರುಡು.

ಇನ್ನೊಂದು ಸಂಗತಿ ಹೆಚ್ಚು ಕಹಿಯಾದುದು. ದುಡಿಯನ್ನು ಹಿಡಿಯುವವರು ಕೊಡವರೇ. ಹಬ್ಬಗಳಲ್ಲಿ ಪರೆಯ ಸೇವೆ ಮೇದರಿಗೆ ಸೇರಿದ್ದು. ಎರಡೂ ಚರ್ಮವಾದ್ಯಗಳೇ, ಎರಡಕ್ಕೂ ಕೋಲೇ. ಹೀಗಿದ್ದೂ ಬರವಣಿಗೆಯಲ್ಲಿ ಮೊದಲನೆಯದಕ್ಕೆ ‘ಬಾರಿಸು’, ಎರಡನೆಯದಕ್ಕೆ ‘ಬಡಿ’ ಎಂಬ ವ್ಯತ್ಯಾಸ ಕಾಣುತ್ತದೆ. ವಾದ್ಯಶಾಸ್ತ್ರದಲ್ಲಿ ಇದಕ್ಕೆ ಆಧಾರವಿಲ್ಲ. ಕ್ಷೇತ್ರಕಾರ್ಯದ ಟಿಪ್ಪಣಿಯಲ್ಲಿ ವಾದಕರು ತಾವೇ ಬಳಸುವ ಕ್ರಿಯಾಪದವನ್ನು ಇದ್ದಂತೆಯೇ ಬರೆದುಕೊಂಡು, ಕನ್ನಡ ಪರ್ಯಾಯವನ್ನು ಅದರ ಕೆಳಗೆ ಪ್ರತ್ಯೇಕವಾಗಿ ಕೊಡುವುದು ಕಷ್ಟದ ಕೆಲಸವೇನಲ್ಲ.