ವಾದಕಲೆಯ ಬೋಧನೆ ಮತ್ತು ಆಂಟನಿಯ ಭಾಷಣ

ಎಳೆಯ ವಿದ್ಯಾರ್ಥಿಗಳಿಗೆ ವಾದಕಲೆಯನ್ನು ಬೋಧಿಸುವಾಗ, ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಕ್ರಿಸ್ತಪೂರ್ವ 4ನೆಯ ಶತಮಾನದ ತನ್ನ ‘ರೆಟರಿಕ್’ ಗ್ರಂಥದಲ್ಲಿ ನಿರೂಪಿಸಿದ ಮೂರು ಸಾಧನಗಳನ್ನು ಮೊದಲು ಪರಿಚಯಿಸುವುದು ರೂಢಿ. ವಕ್ತೃವಿನ ಶೀಲದಿಂದ ಹುಟ್ಟುವ ನಂಬಿಕೆ ಈಥೋಸ್. ಕೇಳುಗರ ಭಾವವನ್ನು ಕದಲಿಸುವುದು ಪೇಥೋಸ್. ಯುಕ್ತಿಪ್ರಮಾಣಗಳಿಂದ ಒಪ್ಪಿಸುವುದು ಲೋಗೋಸ್. ಇವುಗಳಿಗೆ ಉದಾಹರಣೆಯಾಗಿ ಹಲವು ಉಪಾಧ್ಯಾಯರು ಆರಿಸಿಕೊಳ್ಳುವುದು ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದ 3ನೆಯ ಅಂಕದ 2ನೆಯ ದೃಶ್ಯವನ್ನು. ಸೀಸರನನ್ನು ಕೊಂದವರಲ್ಲೊಬ್ಬನಾದ ಬ್ರೂಟಸನು ರೋಮಿನ ಜನರೆದುರು ಆ ಕೃತ್ಯವನ್ನು ಸಮರ್ಥಿಸಿಕೊಳ್ಳುತ್ತಾನೆ. ಅನಂತರ ಸೀಸರನ ಮಿತ್ರನಾದ ಆಂಟನಿಯು ಶವದ ಬಳಿ ನಿಂತು ಅದೇ ಜನರನ್ನು ಹಂತಕರ ಮೇಲೆ ತಿರುಗಿಸುತ್ತಾನೆ. ಆಯ್ಕೆಯೇನೋ ಯೋಗ್ಯವಾದುದೇ. ಬೋಧನೆಯ ಕ್ರಮ ಮಾತ್ರ ವಿಚಾರಣೀಯವಾಗಿದೆ.

ಬ್ರೂಟಸನದು ಯುಕ್ತಿ, ಆಂಟನಿಯದು ಭಾವ ಎಂದು ಪಾಠ ಮುಗಿದುಹೋಗುತ್ತದೆ. ಬ್ರೂಟಸನ ಮಾತು ಗದ್ಯದಲ್ಲಿರುವುದೂ ಆಂಟನಿಯದು ಪದ್ಯದಲ್ಲಿರುವುದೂ ಈ ಭ್ರಮೆಗೆ ಇಂಬು ಕೊಟ್ಟಿರಬಹುದು. ಮೂಲವನ್ನು ನಿಧಾನವಾಗಿ ಓದಿದರೆ ಕಾಣುವುದೇ ಬೇರೆ. ಸೀಸರನು ಅಧಿಕಾರಲೋಭಿಯೆಂದು ಬ್ರೂಟಸನು ಹೇಳುತ್ತಾನೆ. ಅದಕ್ಕೊಂದು ನಿದರ್ಶನವನ್ನೂ ಕೊಡುವುದಿಲ್ಲ. ಅವನು ಬದುಕಿದ್ದರೆ ಎಲ್ಲರೂ ದಾಸರಾಗುತ್ತಿದ್ದರೆಂಬುದನ್ನು ಸಾಧಿಸದೆಯೇ ಅದನ್ನು ಆಧಾರವಾಗಿಟ್ಟುಕೊಂಡು ಪ್ರಶ್ನಿಸುತ್ತಾನೆ. ತನ್ನ ಮಾನವನ್ನು ನೋಡಿ ನಂಬಿರೆಂದು ಕೇಳುತ್ತಾನೆ. ಸಮತೂಕದ ವಾಕ್ಯಗಳು ತರ್ಕದಂತೆ ಕೇಳಿಸುತ್ತವೆ, ಅಷ್ಟೆ. ಅರಿಸ್ಟಾಟಲನ ಪ್ರಕಾರವಾದರೋ ವಕ್ತೃವಿನಲ್ಲಿ ನಂಬಿಕೆ ಮೂಡಬೇಕಾದುದು ಅವನ ಹಿಂದಿನ ಹೆಸರಿನಿಂದಲ್ಲ, ಆಡುತ್ತಿರುವ ಮಾತಿನಿಂದಲೇ. ಈ ಸೂಕ್ಷ್ಮವನ್ನು ಬಿಟ್ಟು, ಈಥೋಸ್ ಎಂದರೆ ಕೀರ್ತಿಯೆಂದು ಮಕ್ಕಳಿಂದ ಬರೆಸುವುದು ಶಾಸ್ತ್ರಕ್ಕೂ ದೂರ, ಅವರಿಗೂ ಹಾನಿ.

ನಿದರ್ಶನಗಳನ್ನು ಕೊಡುವವನು ಆಂಟನಿ. ಸೆರೆಯಾಳುಗಳ ಬಿಡುಗಡೆಯ ಹಣದಿಂದ ಸೀಸರನು ಬೊಕ್ಕಸವನ್ನು ತುಂಬಿದನು. ಬಡವರ ಗೋಳಿಗೆ ಕಣ್ಣೀರಿಟ್ಟನು. ಲೂಪರ್ಕಲ್ ಹಬ್ಬದಂದು ಮೂರು ಬಾರಿ ನೀಡಿದ ಕಿರೀಟವನ್ನು ಮೂರು ಬಾರಿಯೂ ನಿರಾಕರಿಸಿದನು. ಇದು ಯುಕ್ತಿಯೇ ಸರಿ. ನೆರೆದವರಲ್ಲೊಬ್ಬನು ಆ ಮಾತಿನಲ್ಲಿ ಹುರುಳಿದೆಯೆಂದು ಒಪ್ಪುತ್ತಾನೆ ಕೂಡ. ಆದರೆ ಪ್ರಮಾಣ ಗಟ್ಟಿಯೆ? 1ನೆಯ ಅಂಕದಲ್ಲಿ ಕಾಸ್ಕನು ತಿಳಿಸುವಂತೆ, ಸೀಸರನ ನಿರಾಕರಣೆ ಸಲಸಲಕ್ಕೂ ಮೆದುವಾಗುತ್ತ ಬಂದಿತು; ಕಿರೀಟದಿಂದ ಬೆರಳು ತೆಗೆಯಲು ಅವನಿಗೆ ಮನಸ್ಸಿರಲಿಲ್ಲ. ಕಿರೀಟವನ್ನು ನೀಡಿದವನಾದರೂ ಯಾರು? ಇದೇ ಆಂಟನಿ! ಈ ಎರಡು ಭಾಗಗಳನ್ನು ಎದುರುಬದುರಾಗಿಟ್ಟು ಓದಿಸಿದರೆ, ಪ್ರಮಾಣವನ್ನು ಗುರುತಿಸುವುದು ಬೇರೆ, ತೂಗುವುದು ಬೇರೆ ಎಂಬುದು ಹನ್ನೆರಡು ವರ್ಷದ ಬಾಲಕನಿಗೂ ತಿಳಿದೀತು. ಕಾಸ್ಕನೂ ಸೀಸರನಿಗೆ ಇರಿದವನೇ, ಅವನನ್ನು ನಂಬುವುದು ಹೇಗೆಂದು ಜಾಣನೊಬ್ಬ ಎದ್ದು ಕೇಳಿದರಂತೂ ಆ ದಿನದ ಪಾಠ ಸಾರ್ಥಕ.

ಹರಿದ ನಿಲುವಂಗಿ, ಗಾಯಗಳು, ಉಯಿಲು ಇವುಗಳಿಂದ ಆಂಟನಿಯು ಕರುಣಕ್ರೋಧಗಳನ್ನು ಎಬ್ಬಿಸುವ ಬಗೆ ಪ್ರಸಿದ್ಧವೇ ಆಗಿದೆ. ತಾನು ಬ್ರೂಟಸನಂತೆ ವಾಗ್ಮಿಯಲ್ಲ, ಸರಳ ಮನುಷ್ಯನೆಂದು ನಡುವೆ ಹೇಳಿಕೊಂಡು ನಂಬಿಕೆಯನ್ನೂ ಗಳಿಸುತ್ತಾನೆ. ಭಾವವನ್ನು ಅರಿಸ್ಟಾಟಲನು ಹಗುರವಾಗಿ ಕಂಡವನಲ್ಲ. ಕ್ರೋಧವು ಎಂಥ ಮನಃಸ್ಥಿತಿಯಲ್ಲಿ, ಯಾರ ಮೇಲೆ, ಯಾವ ಕಾರಣಕ್ಕೆ ಹುಟ್ಟುತ್ತದೆಂದು ತನ್ನ ಗ್ರಂಥದ 2ನೆಯ ಭಾಗದಲ್ಲಿ ಪರೀಕ್ಷಿಸಿದ್ದಾನೆ. ‘ಯಾರ ಮೇಲೆ’ ಎಂಬ ಆ ಪ್ರಶ್ನೆಯನ್ನು ನಾಟಕವೂ ಕೇಳುತ್ತದೆ, ಆದರೆ ಭಾಷಣ ಮುಗಿದ ಮೇಲೆ.

ಹೆಚ್ಚಿನ ಲೋಪವಿರುವುದು ಇಲ್ಲಿಯೇ: ಭಾಷಣದೊಂದಿಗೆ ಪಾಠವೂ ನಿಂತುಬಿಡುತ್ತದೆ. ಮರುದೃಶ್ಯದಲ್ಲಿ ಉದ್ರಿಕ್ತರಾದ ಜನರು ಸಿನ್ನನೆಂಬ ಕವಿಯನ್ನು ಹಿಡಿಯುತ್ತಾರೆ. ಸಂಚುಗಾರರಲ್ಲಿ ಅದೇ ಹೆಸರಿನವನೊಬ್ಬನಿದ್ದನು. ತಾನು ಅವನಲ್ಲ, ಕವಿಯೆಂದು ಆತನು ಮೊರೆಯಿಡುತ್ತಾನೆ. ಮಾತು ಸತ್ಯ, ಯುಕ್ತಿ ನಿರ್ದುಷ್ಟ, ಕೇಳುವವರಿಲ್ಲ. ಹಾಗಾದರೆ ಕೆಟ್ಟ ಪದ್ಯ ಬರೆದುದಕ್ಕಾಗಿ ಸೀಳಿರೆಂದು ಕೂಗುತ್ತಾರೆ. ಮುಂದೆ 4ನೆಯ ಅಂಕದ ಆರಂಭದಲ್ಲಿ ಆಂಟನಿಯು ಸೀಸರನ ಉಯಿಲನ್ನು ತರಲು ಆಳನ್ನಲ್ಲ, ಸಹಭಾಗಿಯಾದ ಲೆಪಿಡಸನನ್ನೇ ಕಳುಹಿಸುತ್ತಾನೆ. ಪ್ರತಿಯೊಬ್ಬ ಪೌರನಿಗೂ 75 ದ್ರಾಕ್ಮಗಳೆಂದು ಅಂದು ಜನರೆದುರು ಸಾರಿದ್ದ ಉಯಿಲದು. ಈಗ ಬೇಕಾಗಿರುವುದು ಅದರ ದತ್ತಿಗಳಲ್ಲಿ ಎಷ್ಟನ್ನು ಕಡಿತ ಮಾಡಬಹುದೆಂದು ನೋಡಲು. ಈ ಎರಡು ದೃಶ್ಯಗಳೂ ಸೇರಿ ನೂರು ಸಾಲುಗಳಷ್ಟಾಗುವುದಿಲ್ಲ. ಒಂದು ತರಗತಿಯ ಅವಧಿಯಲ್ಲಿ ಓದಿಸಿ ಮುಗಿಸಬಹುದು.