ಮೊದಲು ಗಾಳಿ, ಆಮೇಲೆ ಗ್ಯಾಸ್

ಕಲ್ಯಾಣ ಮಂಟಪಕ್ಕೆ ಹೊಸದಾಗಿ ಪ್ಯಾಕೇಜ್ಡ್ ಎ.ಸಿ. ಕೂರಿಸಿದ ದಿನ ನಡೆಯುವ ಪರೀಕ್ಷೆ ಬಹುಮಟ್ಟಿಗೆ ಒಂದೇ. ಸ್ವಿಚ್ ಹಾಕುತ್ತಾರೆ, ಸ್ವಲ್ಪ ಹೊತ್ತು ಕಾಯುತ್ತಾರೆ, ಮಾಲೀಕರು ಗ್ರಿಲ್ ಕೆಳಗೆ ನಿಂತು ಕೈ ಎತ್ತಿ ಹಿಡಿಯುತ್ತಾರೆ. ಗಾಳಿ ಕೊರೆಯುವಂತಿದ್ದರೆ ಕೆಲಸ ಮುಗಿಯಿತು, ಬಿಲ್ ಪಾಸಾಯಿತು. ಅಷ್ಟೇನೂ ಕೊರೆಯದಿದ್ದರೆ ಮೆಕ್ಯಾನಿಕ್ ಗೇಜ್ ತಗುಲಿಸಿ, ‘ಸ್ವಲ್ಪ ಗ್ಯಾಸ್ ಹಾಕೋಣ ಸಾರ್’ ಎನ್ನುತ್ತಾನೆ. ಎರಡೂ ತಪ್ಪು ಎಂಬುದು ಈ ವಾರದ ನನ್ನ ವಾದ. ಗ್ರಿಲ್‌ನಲ್ಲಿ ಸಿಗುವ ತಂಪು ಯಂತ್ರದ ಆರೋಗ್ಯವನ್ನು ಹೇಳುವುದಿಲ್ಲ. ಕೆಲವೊಮ್ಮೆ ಅದೇ ರೋಗಲಕ್ಷಣ. ಯಂತ್ರ ಚಾಲೂ ಮಾಡುವಾಗ ಮೊದಲು ಗಾಳಿಯ ಪ್ರಮಾಣವನ್ನು ಅಳೆದು ಸರಿಪಡಿಸಬೇಕು. ಗ್ಯಾಸ್ ಸಿಲಿಂಡರಿಗೆ ಕೈಹಾಕುವ ಸರದಿ ಕಟ್ಟಕಡೆಯದು.

ಕೈ ಏಕೆ ಮೋಸಹೋಗುತ್ತದೆ ಎಂಬುದಕ್ಕೆ ಸಣ್ಣದೊಂದು ಲೆಕ್ಕ ಸಾಕು. ಒಂದು ಟನ್ ಸಾಮರ್ಥ್ಯಕ್ಕೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಕಾಯಿಲ್ ಮೇಲೆ ಹಾಯಬೇಕು ಎಂಬುದು ಈ ಕಸುಬಿನಲ್ಲಿ ಎಲ್ಲರೂ ಬಲ್ಲ ಅಳತೆ. ಹಾಗಾದರೆ 10 ಟನ್ನಿನ ಯಂತ್ರಕ್ಕೆ 4,000 ಘನ ಅಡಿ. ಆ ಗಾಳಿ ಕಾಯಿಲ್ ದಾಟುವಾಗ 10 ಡಿಗ್ರಿ ತಣಿಯುತ್ತದೆ ಎಂದುಕೊಳ್ಳಿ. ಈಗ ಡಕ್ಟ್ ಕಿರಿದಾಗಿಯೋ ಬೆಲ್ಟ್ ಸಡಿಲವಾಗಿಯೋ ಬರೀ 2,600 ಘನ ಅಡಿ ಹಾಯುತ್ತಿದೆ. ನಿಧಾನವಾಗಿ ಸಾಗುವ ಗಾಳಿಗೆ ಕಾಯಿಲ್‌ನ ಸಹವಾಸ ಹೆಚ್ಚು. ಅದು 13 ಡಿಗ್ರಿ ತಣಿದು ಹೊರಬರುತ್ತದೆ. ಗ್ರಿಲ್ ಕೆಳಗಿನ ಕೈಗೆ ಎರಡನೆಯದೇ ಹೆಚ್ಚು ತಂಪು. ಆದರೆ ಗಾಳಿಯನ್ನೂ ಡಿಗ್ರಿಯನ್ನೂ ಗುಣಿಸಿ ನೋಡಿದರೆ ಮೊದಲನೆಯದು 40,000, ಎರಡನೆಯದು 33,800. ತೇವ ತೆಗೆಯುವ ಲೆಕ್ಕವನ್ನು ಬದಿಗಿಟ್ಟರೆ, ಸಭಾಂಗಣದಿಂದ ಹೊರಹೋಗುವ ಶಾಖ ಶೇ 15ರಷ್ಟು ಕಡಿಮೆಯಾಗಿದೆ. ಮಾಲೀಕರು ಮೆಚ್ಚಿ ತಲೆಯಾಡಿಸಿದ್ದು ಕೆಟ್ಟ ಯಂತ್ರಕ್ಕೆ.

‘ಕಾರ್ಖಾನೆಯಲ್ಲೇ ಪರೀಕ್ಷೆ ಮಾಡಿ ಕಳಿಸಿರುತ್ತಾರಲ್ಲ, ಮತ್ತೇಕೆ ಅಳೆಯಬೇಕು?’ ಎಂಬುದು ಮೊದಲ ಆಕ್ಷೇಪ. ಪ್ಯಾಕೇಜ್ಡ್ ಯೂನಿಟ್‌ನಲ್ಲಿ ಕಂಪ್ರೆಸರ್, ಎರಡು ಕಾಯಿಲ್‌ಗಳು, ಬ್ಲೋವರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಗ್ಯಾಸನ್ನು ತೂಕ ಮಾಡಿ ತುಂಬಿಯೇ ಕಳಿಸುತ್ತಾರೆ. ಸಾಗಣೆಯಲ್ಲಿ ಪೈಪು ಬಿರುಕು ಬಿಡದಿದ್ದರೆ ಆ ತೂಕ ಹಾಗೆಯೇ ಇರುತ್ತದೆ. ಆದರೆ ಡಕ್ಟ್ ಮಾಡಿದವರು ನಮ್ಮ ಊರಿನ ತಗಡಿನ ಕೆಲಸದವರು, ವೈರು ಎಳೆದವರು ಇನ್ಯಾರೋ, ಒಳಾಂಗಣ ವಿನ್ಯಾಸಕ್ಕೆಂದು ಗ್ರಿಲ್ ಚಿಕ್ಕದು ಮಾಡಿಸಿದವರು ಮತ್ಯಾರೋ. ಆ ಡಕ್ಟನ್ನು ಕಾರ್ಖಾನೆ ಕಂಡೇ ಇಲ್ಲ. ಅಂದಮೇಲೆ ಮೊದಲ ದಿನ ಕೆಟ್ಟಿರುವ ಸಾಧ್ಯತೆ ಅತಿ ಕಡಿಮೆ ಇರುವುದು ಗ್ಯಾಸಿಗೆ, ಅತಿ ಹೆಚ್ಚು ಇರುವುದು ಗಾಳಿಗೆ. ಆಕ್ಷೇಪವನ್ನು ಪೂರ್ತಿ ಒಪ್ಪಿಕೊಂಡರೂ ಅದು ನನ್ನ ವಾದಕ್ಕೇ ಬಲ ಕೊಡುತ್ತದೆ. ನಮ್ಮಲ್ಲಿ ಅನುಮಾನ ಬೀಳುವ ಕ್ರಮ ಮಾತ್ರ ತಲೆಕೆಳಗು.

ಗಾಳಿಗಿಂತಲೂ ಮೊದಲು ನೋಡಬೇಕಾದದ್ದು ಕರೆಂಟು. ಕಂಪ್ರೆಸರ್‌ನ ಬುಡಕ್ಕೆ ಕ್ರ್ಯಾಂಕ್‌ಕೇಸ್ ಹೀಟರ್ ಇದ್ದರೆ ತಯಾರಕರು ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 12ರಿಂದ 24 ಗಂಟೆ, ಮುಂಚೆಯೇ ಅದಕ್ಕೆ ಕರೆಂಟು ಕೊಟ್ಟಿರಬೇಕು. ಇಲ್ಲವಾದರೆ ತಣ್ಣಗೆ ನಿಂತ ಕಂಪ್ರೆಸರ್‌ನ ಎಣ್ಣೆಯಲ್ಲಿ ಗ್ಯಾಸ್ ದ್ರವವಾಗಿ ಬೆರೆತಿರುತ್ತದೆ. ಸ್ವಿಚ್ ಹಾಕಿದ ಕ್ಷಣ ಅದು ನೊರೆಯೆದ್ದು ಎಣ್ಣೆಯನ್ನೂ ಹೊತ್ತೊಯ್ಯುತ್ತದೆ. ಆಮೇಲೆ ಮೂರು ಫೇಸ್‌ಗಳ ವೋಲ್ಟೇಜ್. 415, 405, 398 ಎಂದು ಬಂದರೆ ‘ಕರೆಂಟ್ ಇದೆ’ ಎಂದು ಮುಂದಕ್ಕೆ ಹೋಗುವವರೇ ಹೆಚ್ಚು. ಸರಾಸರಿ 406, ಅದರಿಂದ ಅತಿ ದೂರದ ಫೇಸ್ 9 ವೋಲ್ಟ್ ಆಚೆ, ಅಂದರೆ ಶೇ 2.2ರಷ್ಟು ಅಸಮತೋಲ. ಮೋಟಾರಿನ ಬಿಸಿ ಈ ಶೇಕಡಾವಾರಿನ ವರ್ಗದ ಎರಡು ಪಟ್ಟು ಏರುತ್ತದೆ ಎಂಬ ಅಂದಾಜಿನ ಸೂತ್ರವಿದೆ. ಇಲ್ಲಿ ಅದು ಸುಮಾರು ಶೇ 10. ಹೆಚ್ಚಿನ ತಯಾರಕರು ಶೇ 2ರ ಆಚೆಗೆ ಒಪ್ಪುವುದಿಲ್ಲ. ಫೇಸ್‌ಗಳ ಸರದಿಯೂ ಮುಖ್ಯ. ಸ್ಕ್ರೋಲ್ ಕಂಪ್ರೆಸರ್ ಉಲ್ಟಾ ತಿರುಗಿದರೆ ಗದ್ದಲ ಮಾಡುತ್ತದೆಯೇ ಹೊರತು ಪಂಪು ಮಾಡುವುದಿಲ್ಲ, ಎರಡು ಗೇಜ್‌ಗಳ ಮುಳ್ಳುಗಳು ದೂರ ಸರಿಯುವುದಿಲ್ಲ. ಮಂಟಪಗಳಲ್ಲಿ ಜನರೇಟರ್ ಇರುವುದರಿಂದ ಲೈನಿನಲ್ಲಿ ಸರಿಯಿದ್ದ ಸರದಿ ಜನರೇಟರಿಗೆ ಬದಲಾದಾಗ ತಿರುವುಮುರುವಾಗಬಹುದು. ಎರಡರಲ್ಲೂ ನೋಡದ ಪರೀಕ್ಷೆ ಅರ್ಧ ಪರೀಕ್ಷೆ.

ಬ್ಲೋವರ್ ವಿಷಯದಲ್ಲಿ ಮೋಸ ಇನ್ನೂ ಸೂಕ್ಷ್ಮ. ಗೋಡೆಯ ಎಕ್ಸಾಸ್ಟ್ ಫ್ಯಾನ್ ಉಲ್ಟಾ ತಿರುಗಿದರೆ ಗಾಳಿಯ ದಿಕ್ಕೇ ಬದಲಾಗಿ ತಕ್ಷಣ ತಿಳಿಯುತ್ತದೆ. ಸೆಂಟ್ರಿಫ್ಯೂಗಲ್ ಬ್ಲೋವರ್ ಹಾಗಲ್ಲ, ಉಲ್ಟಾ ತಿರುಗಿದರೂ ಅದೇ ಬಾಯಿಂದಲೇ ಗಾಳಿ ಬರುತ್ತದೆ, ಆದರೆ ಪ್ರಮಾಣ ಬಹಳ ಕಮ್ಮಿ. ಆದ್ದರಿಂದ ಬಾಣದ ಗುರುತಿನಂತೆ ಚಕ್ರ ತಿರುಗುತ್ತಿದೆಯೇ ಎಂದು ಕಣ್ಣಲ್ಲೇ ನೋಡಬೇಕು, ಪುಲ್ಲಿಗಳು ಒಂದೇ ಗೆರೆಯಲ್ಲಿವೆಯೇ, ಬೆಲ್ಟ್ ಬಿಗಿಯಿದೆಯೇ ಎಂದೂ. ಆಮೇಲೆ ಅನಿಮೋಮೀಟರ್ ಹಿಡಿದು ಫಿಲ್ಟರಿನ ಮುಖದ ಹಲವು ಜಾಗಗಳಲ್ಲಿ ವೇಗ ಅಳೆದು, ಸರಾಸರಿಯನ್ನು ವಿಸ್ತೀರ್ಣದಿಂದ ಗುಣಿಸಿದರೆ ಪ್ರಮಾಣ ಸಿಗುತ್ತದೆ. ಸಾಲದೆಂದು ಪುಲ್ಲಿ ಬದಲಿಸಿ ವೇಗವನ್ನು ಶೇ 10 ಏರಿಸಿದರೆ ಗಾಳಿಯೂ ಶೇ 10 ಏರುತ್ತದೆ, ಆದರೆ ಮೋಟಾರು ಎಳೆಯುವ ಶಕ್ತಿ ಶೇ 33 ಏರುತ್ತದೆ. ಹಾಗಾಗಿ ಕ್ಲ್ಯಾಂಪ್ ಮೀಟರ್ ಇಲ್ಲದೆ ಪುಲ್ಲಿ ಮುಟ್ಟಬಾರದು. ಬೆಂಗಳೂರಿಗೆ ಇನ್ನೊಂದು ತೊಡಕಿದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಈ ಊರಿನ ಗಾಳಿ ಮಂಗಳೂರಿನದಕ್ಕಿಂತ ಹತ್ತನೇ ಒಂದು ಪಾಲು ಹಗುರ. ಅಷ್ಟೇ ಘನ ಅಡಿ ಹಾಯ್ದರೂ ಹೊತ್ತೊಯ್ಯುವ ಶಾಖ ಅಷ್ಟರಮಟ್ಟಿಗೆ ಕಡಿಮೆ. ಕರಾವಳಿಯಲ್ಲಿ ನಡೆಯುವ ಅಲ್ಪಸ್ವಲ್ಪ ಕೊರತೆ ಇಲ್ಲಿ ನಡೆಯುವುದಿಲ್ಲ.

ಈಗ ಗೇಜ್‌ಗೆ ಬರೋಣ. ಗ್ಯಾಸ್ ಕಡಿಮೆಯಿದ್ದರೆ ಸಕ್ಷನ್ ಒತ್ತಡ, ಅಂದರೆ ಕಂಪ್ರೆಸರ್ ಗ್ಯಾಸನ್ನು ಎಳೆದುಕೊಳ್ಳುವ ಬದಿಯ ಒತ್ತಡ, ಇಳಿಯುತ್ತದೆ, ನಿಜ. ಗಾಳಿ ಕಡಿಮೆಯಿದ್ದರೂ ಇಳಿಯುತ್ತದೆ ಎಂಬುದು ಮರೆತುಹೋಗುವ ಅರ್ಧ. ಆರ್-410ಎ ತುಂಬಿದ ಯಂತ್ರದಲ್ಲಿ 118 ಪಿಎಸ್‌ಐ ಎಂದರೆ ಕಾಯಿಲ್‌ನೊಳಗೆ ಸುಮಾರು 4.5 ಡಿಗ್ರಿಯಲ್ಲಿ ಗ್ಯಾಸ್ ಕುದಿಯುತ್ತಿದೆ ಎಂದರ್ಥ. ಮುಳ್ಳು 100ಕ್ಕೆ ಇಳಿದಿದ್ದರೆ ಕುದಿಯುವುದು ಸುಮಾರು 0 ಡಿಗ್ರಿಯಲ್ಲಿ. ಕಾರಣ ಯಾವುದೆಂದು ಈ ಮುಳ್ಳು ಹೇಳದು, ಸಕ್ಷನ್ ಪೈಪಿಗೆ ಥರ್ಮಾಮೀಟರ್ ಕಟ್ಟಿದರೆ ತಿಳಿಯುತ್ತದೆ. ಪೈಪು ಕುದಿಯುವ ಉಷ್ಣಾಂಶಕ್ಕಿಂತ ಎಷ್ಟು ಡಿಗ್ರಿ ಹೆಚ್ಚು ಬಿಸಿಯೋ ಅದೇ ಸೂಪರ್‌ಹೀಟ್. ಪೈಪು 15 ಡಿಗ್ರಿ ಇದ್ದರೆ ಸೂಪರ್‌ಹೀಟ್ 15. ಗ್ಯಾಸ್ ಬೇಗ ಕುದಿದು ಮುಗಿದು, ಉಳಿದ ಕಾಯಿಲ್‌ನಲ್ಲಿ ಬರೀ ಆವಿ ಬಿಸಿಯಾಗುತ್ತಿದೆ, ಗ್ಯಾಸಿನ ಕೊರತೆ ಇರಬಹುದು. ಪೈಪು 2 ಡಿಗ್ರಿ ಇದ್ದರೆ ಗ್ಯಾಸ್ ಸಾಕಷ್ಟಿದೆ, ಅದನ್ನು ಕುದಿಸುವ ಬಿಸಿಗಾಳಿ ಸಾಲದು. ಎಕ್ಸ್‌ಪ್ಯಾನ್ಷನ್ ವಾಲ್ವ್ ಇರುವ ಯಂತ್ರದಲ್ಲಿ ವಾಲ್ವೇ ಸೂಪರ್‌ಹೀಟನ್ನು ಹಿಡಿದಿಡುವುದರಿಂದ ದ್ರವವಾದ ಗ್ಯಾಸ್ ತಾನು ದ್ರವವಾಗುವ ಉಷ್ಣಾಂಶಕ್ಕಿಂತ ಎಷ್ಟು ತಣ್ಣಗಿದೆ ಎಂದು ಹೇಳುವ, ಲಿಕ್ವಿಡ್ ಪೈಪಿನ ಸಬ್‌ಕೂಲಿಂಗನ್ನೂ ನೋಡಬೇಕು. ಅದು ಸರಿಯಿದ್ದು ಸಕ್ಷನ್ ಮಾತ್ರ ಇಳಿದಿದ್ದರೆ ಬೆರಳು ಗಾಳಿಯತ್ತಲೇ ತೋರುತ್ತದೆ. ಇಂಥಲ್ಲಿ ಗ್ಯಾಸ್ ಹಾಕುವುದು, ಒಲೆಯಲ್ಲಿ ಉರಿಯಿಲ್ಲದಾಗ ಪಾತ್ರೆಗೆ ಇನ್ನೊಂದು ಸೇರು ಅಕ್ಕಿ ಸುರಿದ ಹಾಗೆ. ಮುಳ್ಳು ಮೇಲೇರುತ್ತದೆ, ಮೆಕ್ಯಾನಿಕ್‌ಗೆ ಸಮಾಧಾನವಾಗುತ್ತದೆ. ಕುದಿಯದೆ ಉಳಿದ ದ್ರವ ಕಂಪ್ರೆಸರ್ ಸೇರುತ್ತದೆ. ಮುಂದಿನ ಬೇಸಿಗೆಯಲ್ಲಿ ಹೈ ಪ್ರೆಷರ್ ಟ್ರಿಪ್ ಆಗತೊಡಗಿದಾಗ ಇವತ್ತಿನ ಈ ಉಪಕಾರ ಯಾರಿಗೂ ನೆನಪಿರುವುದಿಲ್ಲ.

ಎರಡನೆಯ ಆಕ್ಷೇಪ ಅನುಭವಸ್ಥರದು: ‘ಇಪ್ಪತ್ತು ವರ್ಷ ಪೈಪು ಮುಟ್ಟಿಯೇ ಹೇಳಿದ್ದೇವೆ.’ ಆ ಕೈಗಳ ಬಗ್ಗೆ ನನಗೆ ಗೌರವವಿದೆ. ಬೇರಿಂಗ್ ಸದ್ದು, ಬೆಲ್ಟ್ ವಾಸನೆ, ಪೈಪಿನ ನಡುಕವನ್ನು ಅವು ಮೀಟರಿಗಿಂತ ಮೊದಲು ಹಿಡಿಯುತ್ತವೆ. ಆದರೆ ಮೇಲಿನ ಉದಾಹರಣೆಯಲ್ಲಿ 2 ಡಿಗ್ರಿಯ ಪೈಪು, ಸರಿಯಾದ ಯಂತ್ರದ 10 ಡಿಗ್ರಿಯ ಪೈಪು ಎರಡೂ ಬೆವರುತ್ತವೆ, ಎರಡೂ ಕೈಗೆ ತಣ್ಣಗೇ ಸಿಗುತ್ತವೆ. ಸೂಪರ್‌ಹೀಟ್ ಎಂಬುದು ಎರಡು ಅಳತೆಗಳ ನಡುವಿನ ವ್ಯತ್ಯಾಸ, ಕೈಗೆ ಸಿಗುವುದು ಅದರಲ್ಲಿ ಒಂದೇ. ಹಳೆಯ ಆರ್-22 ಯಂತ್ರದಲ್ಲಿ 68 ಪಿಎಸ್‌ಐ ಸರಿಯಾದ ಅಂಕಿ. ಆರ್-410ಎಗೆ ಅದೇ ಅಂಕಿ ಕಾಯಿಲ್ ಮಂಜುಗಟ್ಟುವ ಸೂಚನೆ. ಗ್ಯಾಸ್ ಬದಲಾದಂತೆ ಮನಸ್ಸಿನಲ್ಲಿದ್ದ ಅಂಕಿಗಳೂ ಹಳತಾಗುತ್ತವೆ.

ಮೂರನೆಯ ಆಕ್ಷೇಪವೇ ನಿಜಕ್ಕೂ ಗಟ್ಟಿ: ಡಿಸೆಂಬರಿನ ಸಂಜೆ, ಖಾಲಿ ಸಭಾಂಗಣದಲ್ಲಿ ಅಳೆದ ಅಂಕಿಗಳಿಗೆ ಏನು ಬೆಲೆ? ಕುಳಿತಿರುವ ಒಬ್ಬ ಮನುಷ್ಯ ಸುಮಾರು 100 ವಾಟ್ ಶಾಖ ಹೊರಬಿಡುತ್ತಾನೆ. 500 ಜನ ಸೇರಿದರೆ 50 ಕಿಲೋವಾಟ್, ಅಂದರೆ 14 ಟನ್ನಿನಷ್ಟು. ಮುಹೂರ್ತದ ಹೊತ್ತಿನ ಆ ಹೊರೆಯನ್ನು ಖಾಲಿ ಹಾಲ್‌ನಲ್ಲಿ ಸೃಷ್ಟಿಸಲಾಗದು, ಕಲಬುರಗಿಯ ಮೇ ತಿಂಗಳನ್ನು ಡಿಸೆಂಬರಿಗೆ ತರಲೂ ಆಗದು. ಆದರೆ ಈ ಆಕ್ಷೇಪ ತಟ್ಟುವುದು ಗ್ಯಾಸಿನ ಅಳತೆಗಳನ್ನು. ಒತ್ತಡ, ಸೂಪರ್‌ಹೀಟ್ ಎಲ್ಲ ಹೊರಗಿನ ಬಿಸಿಲು, ಒಳಗಿನ ಹೊರೆಯೊಂದಿಗೆ ಏರಿಳಿಯುತ್ತವೆ. ಗಾಳಿಯ ಪ್ರಮಾಣ, ವೋಲ್ಟೇಜ್ ಅಸಮತೋಲ, ಚಕ್ರದ ದಿಕ್ಕು ಇವುಗಳಿಗೆ ಋತುವಿನ ಹಂಗು ಅಷ್ಟಾಗಿಲ್ಲ. ಚಳಿಗಾಲದಲ್ಲಿ ನಂಬಿಕೆಯಿಂದ ಅಳೆಯಬಹುದಾದದ್ದು ಗಾಳಿಯನ್ನೇ. ಗ್ಯಾಸಿನ ಅಂಕಿಗಳನ್ನು ಅಂದಿನ ಹೊರಗಿನ ಉಷ್ಣಾಂಶದ ಜೊತೆ ಬರೆದಿಟ್ಟು, ತಯಾರಕರ ಚಾರ್ಟಿಗೆ ಹೋಲಿಸಿ, ಏಪ್ರಿಲ್‌ನಲ್ಲಿ ಮತ್ತೊಮ್ಮೆ ಬಂದು ನೋಡಬೇಕು.

ಇಷ್ಟಕ್ಕೆಲ್ಲ ಒಂದು ದಿನ ಹೆಚ್ಚು ಹಿಡಿಯುತ್ತದೆ, ಗುತ್ತಿಗೆದಾರರಿಗೆ ಖರ್ಚು ಎಂಬುದು ಕೊನೆಯ ಮಾತು. ಅಮೆರಿಕದ ರಾಷ್ಟ್ರೀಯ ಮಾಪನ ಸಂಸ್ಥೆ ಎನ್‌ಐಎಸ್‌ಟಿ 2014ರಲ್ಲಿ ಪ್ರಕಟಿಸಿದ ಅಧ್ಯಯನ, ಜೋಡಣೆಯ ಲೋಪಗಳಿಂದ ಮನೆಯ ಹೀಟ್ ಪಂಪ್‌ಗಳ ವಿದ್ಯುತ್ ಬಳಕೆ ಶೇ 30ರಷ್ಟು ಏರಬಹುದೆಂದು ಕಂಡುಕೊಂಡಿತು. ಆ ಲೋಪಗಳಲ್ಲಿ ಮುಂದೆ ನಿಂತಿದ್ದು ಡಕ್ಟ್ ಸೋರಿಕೆ. ಮಂಟಪದ ಯಂತ್ರ ಅದಲ್ಲದಿದ್ದರೂ ಭೌತಶಾಸ್ತ್ರ ಒಂದೇ. ಒಂದು ದಿನದ ಕೂಲಿ ಒಮ್ಮೆ ಹೋಗುತ್ತದೆ, ಕರೆಂಟ್ ಬಿಲ್ ತಿಂಗಳು ತಿಂಗಳು ಬರುತ್ತದೆ. ಅನಗತ್ಯವಾಗಿ ಹಾಕಿದ ಗ್ಯಾಸ್ ಮುಂದೆ ಸೋರಿಯೋ ಸುಮ್ಮನೆ ಬಿಟ್ಟೋ ಹೊರಗೆ ಹೋದರೆ, ಆರ್-410ಎಯ ಒಂದು ಕಿಲೋ ಭೂಮಿಯನ್ನು ಬಿಸಿಮಾಡುವುದರಲ್ಲಿ ಎರಡು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡಿಗೆ ಸಮ. ಆದ್ದರಿಂದ ಮಾಲೀಕರಿಗೆ ನನ್ನ ಸಲಹೆ ಒಂದೇ: ಕೊನೆಯ ಕಂತು ಕೊಡುವ ಮುನ್ನ ಒಂದು ಹಾಳೆ ಕೇಳಿ. ಮೂರು ಫೇಸ್‌ಗಳ ವೋಲ್ಟೇಜ್ ಮತ್ತು ಆಂಪಿಯರ್, ಗಾಳಿಯ ಘನ ಅಡಿ, ಕಾಯಿಲ್‌ನ ಹಿಂದೆ ಮುಂದೆ ಉಷ್ಣಾಂಶ, ಎರಡು ಒತ್ತಡ, ಸೂಪರ್‌ಹೀಟ್, ಸಬ್‌ಕೂಲಿಂಗ್, ಅಂದಿನ ಹೊರಗಿನ ಉಷ್ಣಾಂಶ ಎಲ್ಲವೂ ಅದರಲ್ಲಿರಲಿ. ಗಾಳಿಯ ಕಾಲಂ ಖಾಲಿಯಿದ್ದು ಗ್ಯಾಸಿನ ಕಾಲಂ ತುಂಬಿದ್ದರೆ ಆ ಹಾಳೆಯನ್ನು ವಾಪಸು ಕೊಡಿ, ಚೆಕ್ಕನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ.